8085 ಚಿಪ್ಪಿಗೆ ಬದಲಿ ಯಾವುದು?

ಹುನಗುಂದದ ಉಪನ್ಯಾಸಕರೊಬ್ಬರು ಕೇಳಿದ್ದಾರೆ: ‘ಲ್ಯಾಬಿನ 8085 ಕಿಟ್‌ಗಳು ಒಂದೊಂದಾಗಿ ಕೈಕೊಡುತ್ತಿವೆ. ಇಂಟೆಲ್ ಈ ಚಿಪ್ ಮಾಡುವುದನ್ನು ಎಂದೋ ಬಿಟ್ಟಿದೆ. ತೋಶಿಬಾ, ಎನ್‌ಇಸಿ, ಓಕಿ ಹೆಸರಿನವು ಸಿಗುತ್ತವೆ. ಹಾಕಬಹುದೇ?’

ಧಾರಾಳವಾಗಿ ಹಾಕಬಹುದು. 8085 ಬಂದದ್ದು 1976ರಲ್ಲಿ. ಒಂದೇ ಕಾರ್ಖಾನೆಯನ್ನು ನಂಬಿ ಯಂತ್ರ ಕಟ್ಟಲು ದೊಡ್ಡ ಗಿರಾಕಿಗಳು ಆಗ ಒಪ್ಪುತ್ತಿರಲಿಲ್ಲ. ಅಲ್ಲಿ ಬೆಂಕಿ ಬಿದ್ದರೆ ಗತಿಯೇನು? ಅದು ಬರೀ ಶಂಕೆಯಲ್ಲ. ಮೊಹಾಲಿಯ ನಮ್ಮ ಸರ್ಕಾರಿ ಚಿಪ್ ಕಾರ್ಖಾನೆ 1989ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಆರಿಸಿಕೊಂಡಾಗಲೂ ಎರಡನೇ ತಯಾರಕ ಬೇಕೆಂದು ಪಟ್ಟು ಹಿಡಿಯಿತು. ಇಂಟೆಲ್‌ನ ಚಿಪ್ಪನ್ನು ಎಎಂಡಿಯೂ ಮಾಡಬಹುದೆಂಬ 1982ರ ಒಪ್ಪಂದದ ಹಿಂದೆ ಇದ್ದದ್ದು ಈ ಒತ್ತಡವೇ. 386 ಚಿಪ್ಪಿನ ಹೊತ್ತಿಗೆ ಇಂಟೆಲ್ ಮನಸ್ಸು ಬದಲಿಸಿ ಎಲ್ಲವನ್ನೂ ತನ್ನಲ್ಲೇ ಇಟ್ಟುಕೊಂಡಿತು. 8085 ಅನ್ನು ಬೇರೆ ಕಂಪನಿಗಳೂ ಮಾಡಿದ್ದು ಗಿರಾಕಿಗಳ ಆ ಹಳೇ ಹಟದಿಂದಲೇ; ಹಾಗಾಗಿಯೇ ಇಂದಿಗೂ ನಮಗೆ ಬದಲಿ ಸಿಗುತ್ತಿರುವುದು.

ಬೇರೆಯವರು ಮಾಡಿದ ಚಿಪ್ ಅದೇ ಸಾಕೆಟ್ಟಿಗೆ ಹೇಗೆ ಹೊಂದುತ್ತದೆ ಎಂಬುದು ಇಳಕಲ್ ಸೀರೆಯ ಮಗ್ಗ ನೋಡಿದವರಿಗೆ ಬೇಗ ತಿಳಿಯುತ್ತದೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗು ರೇಷ್ಮೆಯದು. ನೇಕಾರರು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ನೂಲು ಯಾವುದೆಂದು ಕೊಂಡಿ ಕೇಳುವುದಿಲ್ಲ. ಈ ಕಡೆಯ ಎಳೆಗೆ ಆ ಕಡೆ ಜೋಡಿ ಎಳೆ ಇರಬೇಕು, ಅಷ್ಟೆ. 8085ಕ್ಕೆ ಅಂಥ ಎಳೆಗಳು ನಲವತ್ತು ಕಾಲುಗಳು. ಇಂಟೆಲ್‌ನದು ಎನ್‌ಮಾಸ್, ಓಕಿಯ 80ಸಿ85 ಸಿಮಾಸ್. ಒಳಗಿನ ಕಟ್ಟಡವೇ ಬೇರೆ, ಕರೆಂಟ್ ಎಳೆಯುವುದೂ ಎಷ್ಟೋ ಕಡಿಮೆ. ಆದರೆ 20ನೇ ಕಾಲು ಗ್ರೌಂಡ್, 40ನೇದು ಐದು ವೋಲ್ಟ್, 30ನೇದು ಎಎಲ್‌ಇ; ಇದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವೇಗ ಮಾತ್ರ ನೋಡಿಕೊಳ್ಳಿ. 3 ಮೆಗಾಹರ್ಟ್ಸ್ ಕಿಟ್‌ಗೆ 5ರ ಚಿಪ್ ನಡೆಯುತ್ತದೆ, 5ರದಕ್ಕೆ 3ರದು ನಡೆಯದು.

ನನಗೆ ಅಂಜಿಕೆ ಇರುವುದು ಬೇರೆಯವರ ಹೆಸರಿನ ಚಿಪ್ ಬಗ್ಗೆ ಅಲ್ಲ, ಹೆಸರು ತಿದ್ದಿದ ಚಿಪ್ ಬಗ್ಗೆ. ಗುಜರಿ ಬೋರ್ಡಿನಿಂದ ಕಿತ್ತು, ಮೈ ಉಜ್ಜಿ, ಕಪ್ಪು ಬಣ್ಣ ಬಳಿದು, ಹೊಸದಾಗಿ ಅಚ್ಚೊತ್ತಿ ಮಾರುವವರಿದ್ದಾರೆ. ಹತ್ತಿಗೆ ಅಸಿಟೋನ್ ಹಾಕಿ ಒರೆಸಿ; ಹತ್ತಿ ಕಪ್ಪಾದರೆ ಆ ಚಿಪ್ ವಾಪಸ್ ಕೊಡಿ. ಮೈಮೇಲಿನ 8732 ಎಂಬಂಥ ಅಂಕಿಯನ್ನೂ ಓದಿ. ಅದು 1987ರ 32ನೇ ವಾರ ಎಂದರ್ಥ. ಒಂದೇ ಟ್ಯೂಬಿನ ಚಿಪ್‌ಗಳಲ್ಲಿ ಒಂದೇ ತಾರೀಖಿದ್ದು, ಕಾಲುಗಳಲ್ಲಿ ಬೆಸುಗೆಯ ಗುರುತಿದ್ದರೆ ಅವು ಹಳೇ ಮಾಲೇ ಸರಿ.

ತಂದ ಮೇಲೆ ಸಾಕೆಟ್ಟಿಗೆ ಕೂರಿಸಿ, ಮೊದಲು 37ನೇ ಕಾಲಿಗೆ ಆಸಿಲೋಸ್ಕೋಪ್ ಹಿಡಿಯಿರಿ. ಕ್ರಿಸ್ಟಲ್ 6.144 ಆಗಿದ್ದರೆ ಅಲ್ಲಿ 3.072 ಮೆಗಾಹರ್ಟ್ಸ್ ಬರಬೇಕು. ಆಮೇಲೆ 3E 05 06 03 80 76 ಎಂದು ಕೀಪ್ಯಾಡಿನಲ್ಲಿ ಒತ್ತಿ ಓಡಿಸಿದರೆ ಐದಕ್ಕೆ ಮೂರು ಕೂಡುತ್ತದೆ. ಉತ್ತರವನ್ನು ಕಣ್ಣಾರೆ ನೋಡಬೇಕೆಂದರೆ 76ಕ್ಕೆ ಮುಂಚೆ ಅದನ್ನು ನಿಮ್ಮ ಕಿಟ್ಟಿನ ರ‍್ಯಾಮ್ ವಿಳಾಸಕ್ಕೆ ಬರೆಯುವ 32, ಅದರ ಹಿಂದೆ ಆ ವಿಳಾಸ ಸೇರಿಸಿ.

ಇಷ್ಟಾದರೂ ಚಿಪ್ ತರಿಸುವ ಮೊದಲು ಕೆಟ್ಟ ಕಿಟ್ಟಿನ ಪ್ರೊಸೆಸರನ್ನು ಒಳ್ಳೇ ಕಿಟ್ಟಿಗೆ ಹಾಕಿ ನೋಡಿ. ಅಲ್ಲಿ ಓಡಿದರೆ ತಪ್ಪು ಅದರದಲ್ಲ. ಇಷ್ಟು ಹಳೇ ಕಿಟ್‌ಗಳಲ್ಲಿ ನನ್ನ ಮೊದಲ ಅನುಮಾನ ಮಾನಿಟರ್ ಪ್ರೋಗ್ರಾಂ ಇರುವ ಇಪ್ರಾಮ್ ಮೇಲೆ. ಅದರ ಬಿಟ್‌ಗಳು ನಿಂತಿರುವುದು ಒಳಗೆ ಸಿಕ್ಕಿಸಿಟ್ಟ ವಿದ್ಯುದಾವೇಶದ ಮೇಲೆ. ದಶಕಗಳಲ್ಲಿ ಅದು ಸೋರುತ್ತದೆ, ಗಾಜಿನ ಕಿಂಡಿಯ ಸ್ಟಿಕರ್ ಉದುರಿದ್ದರೆ ಇನ್ನೂ ಬೇಗ. ಪ್ರೊಸೆಸರ್ ಹೇಗೋ ಸಿಕ್ಕೀತು, ಆ ಪ್ರೋಗ್ರಾಂ ಅಂಗಡಿಯಲ್ಲಿ ಸಿಗದು. ಓಡುತ್ತಿರುವ ಕಿಟ್ ಒಂದಾದರೂ ಇರುವಾಗಲೇ ಅದರ ಇಪ್ರಾಮ್ ಓದಿಸಿ ಫೈಲ್ ಮಾಡಿಟ್ಟುಕೊಳ್ಳಿ.