ಮೊದಲು ಕಾಲು ಎಣಿಸಿ, ಆಮೇಲೆ ಔಷಧಿ

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಚೆಟ್ಟಳ್ಳಿ. ಕಾಫಿ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇಲ್ಲಿವೆ. ಮಳೆ ನಿಂತು ಕಾಫಿ ಹಣ್ಣು ಕೆಂಪೇರುವ ಹೊತ್ತಿಗೆ ಇಲ್ಲಿನ ತೋಟದ ಮನೆಗಳ ಹಿತ್ತಲಲ್ಲಿ ಮೂಲಂಗಿ, ಸಾಸಿವೆ, ಎಲೆಕೋಸು ಚಿಗುರುತ್ತವೆ. ಅಂಥದೊಂದು ಹಿತ್ತಲಿಗೆ ಬಿಸಿಲೇರುವ ಮೊದಲೇ ಹೋದೆ.

ಮೂಲಂಗಿ ಎಲೆಯ ತುಂಬ ತೂತು. ಎಲೆಯ ಅಂಚಿನಲ್ಲಿ ಹಸಿರು ಬೆರೆತ ಕಪ್ಪು ಬಣ್ಣದ, ಸುಕ್ಕು ಮೈಯ ಹುಳಗಳು. ಮುಟ್ಟಿದರೆ ಸುರುಳಿ ಸುತ್ತಿಕೊಂಡು ಸತ್ತಂತೆ ನೆಲಕ್ಕೆ ಬೀಳುತ್ತವೆ. "ಕಂಬಳಿಹುಳ ಅಂತ ಔಷಧಿ ಹೊಡೆದೆವು, ಜಗ್ಗಲಿಲ್ಲ ನೋಡಿ" ಎಂದರು ಮನೆಯ ಅಕ್ಕ.

ಒಂದು ಹುಳವನ್ನು ಎಲೆಸಮೇತ ಅಂಗೈಗೆ ತೆಗೆದುಕೊಂಡು ಭೂತಗನ್ನಡಿ ಹಿಡಿದೆವು. ಎದೆಯ ಬಳಿ ಮೂರು ಜೊತೆ ನಿಜವಾದ ಕಾಲು. ಅದರ ಹಿಂದೆ ಒಂದೇ ಒಂದು ಖಾಲಿ ಖಂಡ, ಆಮೇಲೆ ಬಾಲದವರೆಗೆ ಮೆತ್ತನೆಯ ಹುಸಿಗಾಲುಗಳು: ಒಟ್ಟು ಎಂಟು ಜೊತೆ. ಚಿಟ್ಟೆ, ಪತಂಗಗಳ ಮರಿಗೆ ಹುಸಿಗಾಲು ಸಾಮಾನ್ಯವಾಗಿ ಐದು ಜೊತೆಗಿಂತ ಹೆಚ್ಚಿರುವುದಿಲ್ಲ. ಅವುಗಳ ತುದಿಯಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಈ ಹುಳಕ್ಕೆ ಕೊಕ್ಕೆಯಿಲ್ಲ. ತಲೆಯ ಒಂದೊಂದು ಬದಿಗೆ ಒಂದೇ ಕಣ್ಣುಚುಕ್ಕೆ. ಪತಂಗದ ಮರಿಗಾದರೆ ಸಾಮಾನ್ಯವಾಗಿ ಆರು.

ಹಾಗಾಗಿ ಇದು ಗರಗಸ ನೊಣದ ಮರಿ. ಹೆಸರಲ್ಲಿ ನೊಣವಿದ್ದರೂ ಇದು ಜೇನು, ಕಣಜ, ಇರುವೆಗಳ ಕುಲದ್ದು. ಹೆಣ್ಣು ತನ್ನ ಗರಗಸದಂಥ ಅಂಗದಿಂದ ಎಲೆಯನ್ನು ಸೀಳಿ ಒಳಗೆ ಮೊಟ್ಟೆಯಿಡುತ್ತದೆ. ಜಗತ್ತಿನಲ್ಲಿ ಇವುಗಳ 8,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮೂಲಂಗಿ, ಸಾಸಿವೆಗೆ ಬೀಳುವುದು ಭಾರತದಲ್ಲೆಲ್ಲ ಪರಿಚಿತವಾದ ಅಥಾಲಿಯಾ ಜಾತಿಯದು.

ಪಕ್ಕದ ಎಲೆಕೋಸಿನಲ್ಲಿ ಪುಟ್ಟ ಹಸಿರು ಹುಳವೊಂದಿತ್ತು. ಮುಟ್ಟಿದೊಡನೆ ಹೊರಳಾಡಿ ನೂಲು ಬಿಟ್ಟು ನೇತಾಡಿತು. ಅದು ವಜ್ರಬೆನ್ನಿನ ಪತಂಗದ ಮರಿ. ಪತಂಗದ ಮರಿಗಳಿಗೆಂದು ಮಾರುವ ಬಿ.ಟಿ. ಜೈವಿಕ ಪುಡಿ ಅದನ್ನು ಕೊಲ್ಲುತ್ತದೆ, ಗರಗಸ ನೊಣದ ಮರಿಯನ್ನು ಕೊಲ್ಲುವುದಿಲ್ಲ. ಅಕ್ಕ ಹೊಡೆದದ್ದು ಅದೇ ಪುಡಿ.

ಮೂಲಂಗಿಯ ಈ ಗರಗಸ ನೊಣದ ಮರಿಗಳು ಬೆಳಗ್ಗೆ, ಸಂಜೆ ಮೇಯುತ್ತವೆ; ಬಿಸಿಲೇರಿದರೆ ಮಣ್ಣಿಗೆ ಇಳಿಯುತ್ತವೆ. ಆದ್ದರಿಂದ ಹಿತ್ತಲ ಮಟ್ಟಿಗೆ ಮುಂಜಾನೆ ಕೈಯಿಂದ ಹೆಕ್ಕಿ ಸೋಪಿನ ನೀರಿಗೆ ಹಾಕುವುದೇ ಒಳ್ಳೆಯ ದಾರಿ. ಕೋಶ ಕಟ್ಟುವುದೂ ಮಣ್ಣಿನಲ್ಲೇ. ಕೊಯ್ಲಾದ ಮೇಲೆ ಪಾತಿಯನ್ನು ಅಗೆದು ಬಿಸಿಲಿಗೆ ಒಡ್ಡಬೇಕು.

ತೋಟದ ಬದುವಿನಲ್ಲಿ ಜರೀಗಿಡಗಳು ದಟ್ಟವಾಗಿವೆ. ಜರೀಗಿಡವನ್ನೇ ತಿನ್ನುವ ಗರಗಸ ನೊಣಗಳೂ ಇವೆ. ಅವುಗಳಿಂದ ಕಾಫಿಗಾಗಲಿ ಮೆಣಸಿಗಾಗಲಿ ತೊಂದರೆಯಿಲ್ಲ. ಅಪರಿಚಿತ ಹುಳ ಕಂಡರೆ ಅದು ತಿನ್ನುತ್ತಿದ್ದ ಎಲೆಯನ್ನೂ ಒಂದಿಷ್ಟು ತೇವದ ಮಣ್ಣನ್ನೂ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ ಬಾಟಲಿಯಲ್ಲಿ ಸಾಕಿ. ಗಿಡದ ಹೆಸರು, ದಿನಾಂಕ ಬರೆದಿಡಿ. ರೆಕ್ಕೆ ಬಂದ ಕೀಟವನ್ನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಕೀಟತಜ್ಞರಿಗೆ ತೋರಿಸಿ. ಮರಿಯೊಂದನ್ನೇ ನೋಡಿ ಪ್ರಭೇದ ಹೇಳುವುದು ತಜ್ಞರಿಗೂ ಕಷ್ಟ. ಕೊಡಗಿನ ತೋಟಗಳಲ್ಲಿ ಯಾವ ಹುಳ ಯಾವ ಗಿಡದ್ದು ಎಂಬ ಪಟ್ಟಿ ಬೆಳೆಯಬೇಕಾದರೆ ದಿನವೂ ಗಿಡ ನೋಡುವವರೇ ಬರೆದಿಡಬೇಕು.