ಕೈರುಚಿ ಅವರದು, ಗಲ್ಲಾ ಯಾರದು?

ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಬೆಳಗ್ಗೆ ದೋಸೆಗೆ ಕಾದು ಕೂತವರ ಕಣ್ಣೆಲ್ಲ ಸಪ್ಲೈಯರ್‌ನ ತೋಳಿನ ಮೇಲೆ. ಅಂಗೈಯಿಂದ ಭುಜದವರೆಗೆ ಹತ್ತು ಹನ್ನೆರಡು ದೋಸೆ ತಟ್ಟೆ ಪೇರಿಸಿಕೊಂಡು, ಪಂಚೆಯುಟ್ಟ ಆತ ಟೇಬಲುಗಳ ಸಂದಿಯಲ್ಲಿ ನುಸುಳಿ ಬರುತ್ತಾನೆ. 1943ರಲ್ಲಿ ಶುರುವಾದ ಈ ಹೋಟೆಲಿಗೆ ಆ ನೋಟ ನೋಡಲೆಂದೇ ಹೊರಗಿನವರು ಬರುವುದುಂಟು. ಹಳೇ ಬೆಂಗಳೂರಿನ ಪ್ರವಾಸವೆಂದರೆ ಅರ್ಧಪಾಲು ತಿಂಡಿಯ ಯಾತ್ರೆಯೇ: ಇಲ್ಲಿ ಮಸಾಲೆ ದೋಸೆ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ದೋಸೆ. ಈ ದಾರಿಯುದ್ದಕ್ಕೂ ಕಾವಲಿಯ ಮುಂದೆ ನಿಂತವರು, ಬಡಿಸುವವರು, ಗಲ್ಲಾದಲ್ಲಿ ಕೂತವರು ಬಹುಪಾಲು ಗಂಡಸರು.

ಮನೆಯಲ್ಲಿ ಅಡುಗೆಯನ್ನು ಹೆಂಗಸರ ಪಾಲಿಗೇ ಬಿಟ್ಟ ಸಮಾಜ ಹೋಟೆಲಿನಲ್ಲಿ ಅವರನ್ನು ಹೊರಗಿಟ್ಟಿದ್ದು ಹೇಗೆ? ಹೋಟೆಲಿಗೆ ಆಳು ಸೇರಿಸಿಕೊಂಡ ಕ್ರಮದಲ್ಲೇ ಉತ್ತರವಿದೆ. ಉಡುಪಿ, ಕುಂದಾಪುರ ಸೀಮೆಯಿಂದ ಬಂದು ಹೋಟೆಲು ತೆರೆದವರು ಊರಿನ ಹುಡುಗರನ್ನೇ ಕರೆಸಿಕೊಂಡರು. ಹಾಗೆ ಬಂದ ಹುಡುಗ, ಅಂದರೆ ಮಾಣಿ, ಹೋಟೆಲಿನಲ್ಲೇ ಉಂಡು, ಅಲ್ಲೇ ಮಲಗಿ, ನಸುಕಿಗೆದ್ದು ಕೆಲಸಕ್ಕೆ ನಿಲ್ಲುತ್ತಿದ್ದ. ಲೋಟ ತೊಳೆಯುವುದರಿಂದ ಹಿಡಿದು ಸಪ್ಲೈಯರ್, ಭಟ್ಟರ ಕೈಕೆಳಗಿನ ಅಡುಗೆ, ಕಾಲ ಕೂಡಿಬಂದರೆ ಸ್ವಂತ ಹೋಟೆಲು. ಈ ಏಣಿಯ ಮೊದಲ ಮೆಟ್ಟಿಲು ಹೋಟೆಲಿನ ಅಟ್ಟದ ಮೇಲಿನ ಚಾಪೆ. ಹೆಣ್ಣುಮಗಳಿಗೆ ಆ ಚಾಪೆ ಸಿಗುವಂತಿರಲಿಲ್ಲ. ಹಾಗಾಗಿ ಏಣಿಯೂ ಸಿಗಲಿಲ್ಲ.

ಹಪ್ಪಳದ ಹಾದಿ

ಏಣಿಯಿಲ್ಲದೆಯೂ ಹತ್ತಿದವರಿದ್ದಾರೆ. ಬೋರ್ಡಿನಲ್ಲಿ ಏನೇ ಇರಲಿ, ಗಾಂಧಿಬಜಾರಿನ ಒಂದು ಹಪ್ಪಳದಂಗಡಿ ಅಲ್ಲಿನವರ ಬಾಯಲ್ಲಿ ‘ಸುಬ್ಬಮ್ಮನ ಅಂಗಡಿ’. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಸುಬ್ಬಮ್ಮ ಹಪ್ಪಳ ಮಾಡಿ ಮನೆಮನೆಗೆ ಮಾರಿದರು. 1940ರ ದಶಕದ ಕೊನೆಯ ಹೊತ್ತಿಗೆ ಅದೇ ಅಂಗಡಿಯಾಯಿತು. ಹಪ್ಪಳ, ಸಂಡಿಗೆ, ಕೋಡುಬಳೆ, ನಿಪ್ಪಟ್ಟಿಗೆ ಇಂದಿಗೂ ಜನ ಅಲ್ಲಿಗೇ ಹೋಗುತ್ತಾರೆ. ಅಸಹಾಯಕ ಹೆಂಗಸರಿಗೆ ಆಸರೆಯಾದ ಅಬಲಾಶ್ರಮ, ಹೆಣ್ಣುಮಕ್ಕಳ ಓದಿಗೆ ನಿಂತ ಮಹಿಳಾ ಸೇವಾ ಸಮಾಜ (1913) ಹುಟ್ಟಿದ್ದೂ ಗಾಂಧಿಬಜಾರಿರುವ ಈ ಬಸವನಗುಡಿ ಸೀಮೆಯಲ್ಲೇ. ಆ ಹೆಂಗಸರಿಗೆ ಸಂಸ್ಥೆಗಳು ಬೆನ್ನಿಗಿದ್ದವು. ಸುಬ್ಬಮ್ಮನಾದರೋ, ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸಕ್ಕೆ ತಾವೇ ಬೆಲೆ ಕಟ್ಟಿ, ದುಡ್ಡನ್ನೂ ತಾವೇ ಎಣಿಸಿಕೊಂಡರು.

ಲಾಲ್‌ಬಾಗ್ ರಸ್ತೆಯ ಎಂಟಿಆರ್ ಕಥೆ ಬೇರೆ. 1924ರಲ್ಲಿ ಪಾರಂಪಳ್ಳಿ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ಕಟ್ಟಿದ, ಯುದ್ಧಕಾಲದ ಅಕ್ಕಿ ಅಭಾವದಲ್ಲಿ ರವೆ ಇಡ್ಲಿ ಕಂಡುಹಿಡಿದ ಹೋಟೆಲು ಅದು. 1999ರಲ್ಲಿ ಆ ಮನೆತನದ ಹರಿಶ್ಚಂದ್ರ ಮಯ್ಯ ತೀರಿಕೊಂಡಾಗ ಹೊಣೆ ಹೊತ್ತವರು ಅವರ ಮಗಳು ಹೇಮಮಾಲಿನಿ ಮಯ್ಯ. ಸೋದರರ ಜತೆಗೂಡಿ ಅವರು ಎಂಟಿಆರ್ ರುಚಿಯನ್ನು ಸಿಂಗಪುರ, ದುಬೈ, ಲಂಡನ್‌ವರೆಗೆ ಒಯ್ದರು. ಗಲ್ಲಾ ಹೆಣ್ಣಿನ ಕೈಗೆ ಬಂದರೆ ಹೋಟೆಲು ಮುಳುಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಎಲ್ಲರ ಅಪ್ಪನೂ ಹೋಟೆಲು ಇಟ್ಟಿರುವುದಿಲ್ಲವಲ್ಲ.

ರಾತ್ರಿ ಎಂಟರ ನಂತರ

ಹೊರಗಿನಿಂದ ಬರುವ ಹುಡುಗಿಗೆ ಕಾನೂನೇ ಬಹುಕಾಲ ಅಡ್ಡ ನಿಂತಿತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ರಾತ್ರಿ ಪಾಳಿಯಲ್ಲಿ ಹೆಂಗಸರನ್ನು ದುಡಿಸುವುದನ್ನು ನಿಷೇಧಿಸಿತ್ತು. ರಿಸೆಪ್ಷನ್ ರಾತ್ರಿಯಿಡೀ ತೆರೆದಿರುವ, ನಸುಕಿಗೇ ಹಿಟ್ಟು ಕಲಸುವ ಉದ್ಯಮದಲ್ಲಿ ರಾತ್ರಿ ಇಲ್ಲವೆಂದರೆ ಬಡ್ತಿಯೂ ಕಷ್ಟವೇ. 2020ರ ತಿದ್ದುಪಡಿ ಒಪ್ಪಿಗೆ, ವಾಹನ, ಭದ್ರತೆಯ ಷರತ್ತುಗಳೊಡನೆ ರಾತ್ರಿ 8ರಿಂದ ಬೆಳಗಿನ 6ರವರೆಗಿನ ಕೆಲಸಕ್ಕೆ ಬಾಗಿಲು ತೆರೆಯಿತು. ಮದ್ಯ ಬಡಿಸುವೆಡೆ ಹೆಂಗಸರಿಗೆ ಕೆಲಸವಿಲ್ಲವೆಂದಿದ್ದ ದೆಹಲಿಯಲ್ಲಿ ಜಾರಿಯಲ್ಲಿದ್ದ ಹಳೇ ಕಾನೂನು ರದ್ದಾದುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ, ಅನುಜ್ ಗರ್ಗ್ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. ಸುರಕ್ಷತೆಯ ಹೆಸರಲ್ಲಿ ಕೆಲಸ ಕಸಿಯಬಾರದು, ಕೆಲಸದ ಜಾಗವನ್ನೇ ಸುರಕ್ಷಿತ ಮಾಡಬೇಕು ಎಂಬುದು ಆ ತೀರ್ಪಿನ ತಿರುಳು.

ಕಲಿಯಲು ದಾರಿಗಳಿವೆ. ಶೇಷಾದ್ರಿ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆದು ಪದವಿಗೆ ಸೇರಬಹುದು. ಅಷ್ಟು ಓದಲಾಗದವರಿಗೆಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009–10ರಲ್ಲಿ ತಂದ ‘ಹುನರ್ ಸೇ ರೋಜ್‌ಗಾರ್ ತಕ್’ ಯೋಜನೆ ಅಡುಗೆ, ಬಡಿಸುವಿಕೆ, ಹೌಸ್‌ಕೀಪಿಂಗ್‌ನಲ್ಲಿ ಅಲ್ಪಾವಧಿಯ ಉಚಿತ ತರಬೇತಿ ಕೊಡುತ್ತ ಬಂದಿದೆ. ಮಹಿಳೆಯರೇ ನಡೆಸುವ 50 ಕೆಫೆಗಳನ್ನು ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಘೋಷಿಸಿತು.

ಹೋಟೆಲಿನಾಚೆಗೂ ಕೆಲಸವಿದೆ. 1898ರ ಪ್ಲೇಗಿನ ಬೆನ್ನಲ್ಲೇ ಬೆಳೆದ ಬಸವನಗುಡಿ, ಮಲ್ಲೇಶ್ವರ, ಅದಕ್ಕೂ ಹಿಂದಿನ ಚಾಮರಾಜಪೇಟೆ: ಈ ಬಡಾವಣೆಗಳನ್ನು ನಡೆದೇ ನೋಡಬೇಕು. ಪರಂಪರೆಯ ಸಂರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವನ್ನು ಮುನ್ನಡೆಸಿದ ಮೀರಾ ಅಯ್ಯರ್ ಪಾರಂಪರಿಕ ನಡಿಗೆಗಳ ಮೂಲಕ ನಗರದ ಚರಿತ್ರೆ ಹೇಳಿದವರು. ಬೀದಿಯ ಕಥೆ, ಗುಡಿಯ ಶಾಸನ, ಹಳೇ ಮನೆಯ ಜಗುಲಿ ಗೊತ್ತಿದ್ದು, ಎರಡು ಮೂರು ಭಾಷೆ ಆಡಬಲ್ಲವರಿಗೆ ಇದೂ ಒಂದು ಕಸುಬು. ಬಂಡವಾಳ ಕಡಿಮೆ, ಹೊತ್ತು ಬಹುಪಾಲು ತಮ್ಮದೇ.

ಇವತ್ತು ದರ್ಶಿನಿಗಳಲ್ಲಿ ಹೆಂಗಸರು ಕಾಣುತ್ತಾರೆ, ನಿಜ. ತರಕಾರಿ ಹೆಚ್ಚುತ್ತಾರೆ, ತಟ್ಟೆ ತೊಳೆಯುತ್ತಾರೆ, ಟೇಬಲ್ ಒರೆಸುತ್ತಾರೆ. ಮಾಣಿಯೂ ಶುರು ಮಾಡಿದ್ದು ಅಲ್ಲಿಂದಲೇ. ಆದರೆ ಅವನು ಅಲ್ಲೇ ಉಳಿಯಲಿಲ್ಲ. ಕೆಲಸ ಕೊಡುವ ಹೋಟೆಲನ್ನು ಕೇಳಬೇಕಾದ್ದು ಸಂಬಳವೊಂದನ್ನೇ ಅಲ್ಲ: ಪಾಳಿ ಮುಗಿದ ಮೇಲೆ ಮನೆಗೆ ಬಿಡುವವರು ಯಾರು, ಶೌಚಾಲಯ ಎಲ್ಲಿದೆ, ಪಿಎಫ್ ಕಟ್ಟುತ್ತಾರೆಯೇ, ಕಾವಲಿಯ ಮುಂದಕ್ಕೋ ಬಿಲ್ಲಿಂಗಿಗೋ ಹೋಗಲು ಎಷ್ಟು ವರ್ಷ ಬೇಕು? ಉಣ್ಣಲು, ಮಲಗಲು ಜಾಗ ಕೊಟ್ಟು ಕರಾವಳಿಯ ಬಡ ಹುಡುಗರನ್ನು ಧಣಿಗಳನ್ನಾಗಿ ಮಾಡಿದ ಉದ್ಯಮ ಇದು. ಹೆಣ್ಣುಮಕ್ಕಳಿಗೊಂದು ಹಾಸ್ಟೆಲು, ರಾತ್ರಿಗೊಂದು ವ್ಯಾನು ಅದಕ್ಕೆ ಭಾರವಾಗಬಾರದು.