ಬಾಗಿಲು ಮುಚ್ಚಿದಾಗ ನೀವು ಯಾವ ಕಡೆ? ಕೋವಿಡ್ ಕಾಲದಲ್ಲಿ ಮಿರ್ದಿಫ್‌ಗೆ ಬಂದ ನನ್ನ ಲೆಕ್ಕ

ಕಳೆದ ತಿಂಗಳು ಬೆಂಗಳೂರಿನಿಂದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ದುಬೈನಲ್ಲಿ ಕೆಲಸ ಸಿಕ್ಕಿದೆ, ಕುಟುಂಬ ಸಮೇತ ಬರುತ್ತಿದ್ದಾರೆ. "ಮೇಡಂ, ಕೈಯಲ್ಲಿ ಎಷ್ಟು ದುಡ್ಡು ಇಟ್ಕೊಂಡು ಬರ್ಬೇಕು?" ಅಂತ ಕೇಳಿದರು. ಬಾಡಿಗೆ, ಡೆಪಾಸಿಟ್, ಶಾಲೆ ಫೀಸು ಎಲ್ಲ ಕೂಡಿಸಿ ಒಂದು ಮೊತ್ತ ಹೇಳಿದೆ. ಫೋನ್ ಇಟ್ಟ ಮೇಲೆ, ಹೇಳಿದ್ದು ಅರ್ಧ ಉತ್ತರ ಅನ್ನಿಸಿತು. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಂದಿದ್ದು 2020ರಲ್ಲಿ. ಹತ್ತೊಂಬತ್ತು ವರ್ಷ ಬೇರೆಯವರ ಕಂಪನಿಗಳ ರಿಸ್ಕ್ ಲೆಕ್ಕ ಹಾಕಿದವಳು ನಾನು. ನನ್ನದೇ ಮನೆಯ ವಿಷಯದಲ್ಲಿ ಮೂರು ಕಡೆ ತಪ್ಪಿದೆ. ಮೂರೂ ಒಂದೇ ಜಾತಿಯ ತಪ್ಪು: ದೇಶಗಳು ಬಾಗಿಲು ಮುಚ್ಚಬಹುದು ಎಂದು ಯೋಚಿಸಿರಲಿಲ್ಲ. ಮುಚ್ಚಿದಾಗ ದುಡ್ಡು, ನಾನು, ಸಹಿ ಹಾಕಬೇಕಾದವರು ಯಾವ ಯಾವ ಕಡೆ ಇರುತ್ತೇವೆ ಎಂದು ಕೇಳಿಕೊಂಡಿರಲಿಲ್ಲ.

ಮೊದಲನೆಯದು: ದುಡ್ಡು

2020ರ ಮಾರ್ಚ್ 13, ಶುಕ್ರವಾರ. ಬೆಂಗಳೂರಿನ ಆಫೀಸಿನಲ್ಲಿ ನನ್ನ ಕೊನೆಯ ದಿನ. ಎರಡು ದಿನ ಮುಂಚೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಘೋಷಿಸಿತ್ತು. ಆದರೂ ಕೇಕ್ ಕಟ್ ಮಾಡಿ ಫೋಟೋ ತೆಗೆಸಿಕೊಂಡೆವು. ಏಪ್ರಿಲ್ 1ಕ್ಕೆ ದುಬೈನಲ್ಲಿ ಸೇರಬೇಕಿತ್ತು.

ಮಾರ್ಚ್ 17ರಿಂದ ಯುಎಇ ಹೊಸ ವೀಸಾ ಕೊಡುವುದನ್ನು ನಿಲ್ಲಿಸಿತು. 19ರಿಂದ ರೆಸಿಡೆನ್ಸ್ ವೀಸಾ ಇದ್ದವರಿಗೂ ಹೊರಗಿನಿಂದ ಪ್ರವೇಶ ಇಲ್ಲ. 22ರಿಂದ ಭಾರತಕ್ಕೆ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಬರುವುದು ನಿಂತಿತು. 25ರಿಂದ ಲಾಕ್‌ಡೌನ್. ಹನ್ನೆರಡು ದಿನದಲ್ಲಿ ನಾನು ಹಳೆಯ ಕೆಲಸ ಬಿಟ್ಟು, ಹೊಸದಕ್ಕೆ ಸೇರಲಾಗದೆ, ಜೆ.ಪಿ. ನಗರದ ಮನೆಯ ಡೈನಿಂಗ್ ಟೇಬಲ್ ಮುಂದೆ ಕೂತಿದ್ದೆ. ಹೊಸ ಕಂಪನಿಯವರು ಒಳ್ಳೆಯವರು, ಆಫರ್ ರದ್ದು ಮಾಡಲಿಲ್ಲ. "ದಿನಾಂಕ ಮುಂದಕ್ಕೆ ಹೋಗಿದೆ" ಅಂದರು. ಎಷ್ಟು ಮುಂದಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ.

ದುಬೈ ಖರ್ಚಿಗೆಂದು ತೆಗೆದಿಟ್ಟ 8 ಲಕ್ಷ ರೂಪಾಯಿ ಇಕ್ವಿಟಿ ಫಂಡ್‌ನಲ್ಲೇ ಇತ್ತು. ಮಾರ್ಚ್ ಕೊನೆಗೆ ತೆಗೆದರಾಯಿತು ಅಂದುಕೊಂಡಿದ್ದೆ. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಬಿದ್ದು 25,981ಕ್ಕೆ ನಿಂತಿತು. ಅದೇ ಸಮಯಕ್ಕೆ ನನ್ನ ಯಜಮಾನರ ಕಂಪನಿಯಲ್ಲಿ ಸಂಬಳ ಕಡಿತ. ಗೃಹಸಾಲದ ಕಂತು, ಮಗಳ ಶಾಲೆ ಫೀಸು ಮಾತ್ರ ನಿಲ್ಲಲಿಲ್ಲ. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ ಎಂದು ಅದನ್ನು ತೆಗೆದುಕೊಳ್ಳಲಿಲ್ಲ. ಏಪ್ರಿಲ್ ಮೊದಲ ವಾರ 5 ಲಕ್ಷದ ಯೂನಿಟ್ ಮಾರಿದೆ. ಆ ವರ್ಷದ ಕೊನೆಗೆ ಸೆನ್ಸೆಕ್ಸ್ 47,000 ದಾಟಿತ್ತು.

ಒಂದು ವರ್ಷದೊಳಗೆ ಬೇಕಾದ ದುಡ್ಡನ್ನು ಷೇರಿನಲ್ಲಿ ಇಡಬಾರದು ಎಂದು ಎಂಬಿಎ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡುತ್ತಾರೆ. ನನ್ನ ತಪ್ಪು ಇನ್ನೂ ಸಣ್ಣದು, ಹಾಗಾಗಿ ಕಣ್ಣಿಗೆ ಬೀಳಲಿಲ್ಲ: "ಎರಡು ವಾರದಲ್ಲಿ ತೆಗೆಯುತ್ತೇನಲ್ಲ" ಎಂಬ ಸಮಾಧಾನ.

ಎರಡನೆಯದು: ದಿನಾಂಕ

ಮೇ 7ರಿಂದ ವಂದೇ ಭಾರತ್ ವಿಮಾನಗಳು ಶುರುವಾದವು. ಮೇ 12ರಂದು ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂದಿತು. ಅದರಲ್ಲಿ ಗರ್ಭಿಣಿಯರಿದ್ದರು, ಕೆಲಸ ಕಳೆದುಕೊಂಡವರಿದ್ದರು. ಟಿವಿಯಲ್ಲಿ ಅದನ್ನು ನೋಡುತ್ತಾ ಅಮ್ಮ ಕೇಳಿದರು: "ಅಲ್ಲಿರೋರೆಲ್ಲ ಇಲ್ಲಿಗೆ ಬರ್ತಿದಾರೆ, ನೀನ್ಯಾಕೆ ಅಲ್ಲಿಗೆ ಹೋಗ್ತೀಯ?" ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಜುಲೈಯಲ್ಲಿ ದುಬೈ ಪ್ರವಾಸಿಗರಿಗೆ ತೆರೆಯಿತು. ಆಗಸ್ಟ್‌ನಲ್ಲಿ ಭಾರತವೂ ಎಲ್ಲ ಬಗೆಯ ಯುಎಇ ವೀಸಾದವರನ್ನು ಬಿಡತೊಡಗಿತು. ವಿಸಿಟ್ ವೀಸಾದಲ್ಲಿ ಬನ್ನಿ, ಇಲ್ಲೇ ಬದಲಾಯಿಸಿಕೊಡುತ್ತೇವೆ, ಅಕ್ಟೋಬರ್ ಒಳಗೆ ಯಾವಾಗ ಬಂದರೂ ಸರಿ ಎಂದರು ಕಂಪನಿಯವರು. ಸೆಪ್ಟೆಂಬರ್ 24ಕ್ಕೆ ಟಿಕೆಟ್ ಮಾಡಿಸಿದೆ.

ಆ ವರ್ಷ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರ ತನಕ ಅಧಿಕ ಮಾಸ. ಅದಕ್ಕೆ ಮುಂಚೆ ಪಿತೃಪಕ್ಷ. "ಆರು ತಿಂಗಳು ಕಾದಿದ್ದೀಯ, ಇನ್ನು ಮೂರು ವಾರ ಕಾಯಿ, ನವರಾತ್ರಿ ಶುರುವಾದ ಮೇಲೆ ಹೊರಡು" ಅಂದರು ಅಮ್ಮ. ನನಗೂ ಮಗಳ ಜೊತೆ ಇನ್ನಷ್ಟು ದಿನ ಇರುವ ಆಸೆ. ಟಿಕೆಟ್ ದಿನಾಂಕ ಬದಲಾಯಿಸಲು ಆಗ ಶುಲ್ಕವೂ ಇರಲಿಲ್ಲ. ಅಕ್ಟೋಬರ್ 18, ಭಾನುವಾರ, 96 ಗಂಟೆಯೊಳಗಿನ ಪಿಸಿಆರ್ ವರದಿ ಹಿಡಿದು ಹೊರಟೆ.

ಅಮ್ಮ ಪಂಚಾಂಗ ಸರಿಯಾಗಿಯೇ ನೋಡಿದ್ದರು. ನಾನು ನೋಡಬೇಕಿದ್ದ ಕ್ಯಾಲೆಂಡರ್ ಬೇರೆ ಇತ್ತು.

ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುವ ಭಾರತೀಯರು, ಹೋದ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ಆ ವರ್ಷಕ್ಕೆ ತೆರಿಗೆ ಲೆಕ್ಕದಲ್ಲಿ ನಿವಾಸಿ. ಹೊರಡುವ ದಿನವನ್ನೂ ಸೇರಿಸಿ ಏಪ್ರಿಲ್ 1ರಿಂದ ಎಣಿಸಿ: ಸೆಪ್ಟೆಂಬರ್ 28ಕ್ಕೆ 181. ಅಕ್ಟೋಬರ್ 18ಕ್ಕೆ 201. ಇಪ್ಪತ್ತು ದಿನ ತಡ. ನಿವಾಸಿ ಎಂದರೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಆ ವರ್ಷದ ಆದಾಯಕ್ಕೆ ಭಾರತದಲ್ಲಿ ತೆರಿಗೆ. ಹೀಗಾಗಿ ಮಾರ್ಚ್ 31ರ ತನಕದ ನನ್ನ ದುಬೈ ಸಂಬಳ ಪೂರ್ತಿ ಒಳಗೆ ಬಂತು.

ಉದಾಹರಣೆಗೆ ದುಂಡು ಸಂಖ್ಯೆ ತೆಗೆದುಕೊಳ್ಳಿ. ಐದು ತಿಂಗಳಲ್ಲಿ 15 ಲಕ್ಷ ರೂಪಾಯಿಗೆ ಸಮನಾದ ಸಂಬಳ, ಬೇರೆ ಆದಾಯ ಇಲ್ಲ. ಆ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ ಸೆಸ್ ಸೇರಿ 1,95,000. ಸೆಪ್ಟೆಂಬರ್ 28ರೊಳಗೆ ಹೊರಟಿದ್ದರೆ ಇದೇ ಸಂಬಳಕ್ಕೆ ಸೊನ್ನೆ.

ದುಬೈ ಒಪ್ಪಂದ ಇದೆಯಲ್ಲ, ಎರಡು ತೆರಿಗೆ ತಪ್ಪಿಸಲು? ಅದರಲ್ಲಿ ಯುಎಇ ನಿವಾಸಿ ಎನಿಸಿಕೊಳ್ಳಲು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಇಲ್ಲಿರಬೇಕು. ಅಕ್ಟೋಬರ್‌ನಲ್ಲಿ ಬಂದವಳಿಗೆ 2020ರಲ್ಲಿ ಅದು ಎಲ್ಲಿಂದ ಬರಬೇಕು? ಕೋವಿಡ್ ರಿಯಾಯಿತಿ? ನೇರ ತೆರಿಗೆ ಮಂಡಳಿ 2020ರ ಮೇ 8ರಂದು ಕೊಟ್ಟ ವಿನಾಯಿತಿ 2019-20ಕ್ಕೆ, ಅದೂ ಭಾರತಕ್ಕೆ ಭೇಟಿಗೆ ಬಂದು ಸಿಕ್ಕಿಕೊಂಡವರಿಗೆ. 2020-21ಕ್ಕೆ ಎಲ್ಲರಿಗೂ ಅನ್ವಯಿಸುವ ವಿನಾಯಿತಿ ಕೊಡುವುದಿಲ್ಲ, ನಿಜವಾಗಿ ಎರಡು ಕಡೆ ತೆರಿಗೆ ಬಿದ್ದಿದ್ದರೆ ಅರ್ಜಿ ಕೊಡಿ ಎಂದು 2021ರ ಮಾರ್ಚ್ 3ರ ಸುತ್ತೋಲೆ ಹೇಳಿತು. ಇಲ್ಲಿ ಆದಾಯ ತೆರಿಗೆಯೇ ಇಲ್ಲ, ಎರಡು ಕಡೆ ಎಲ್ಲಿಂದ?

ಇದೆಲ್ಲ ನನಗೆ ತಿಳಿದದ್ದು 2021ರ ಜುಲೈಯಲ್ಲಿ, ರಿಟರ್ನ್ ಹಾಕಲು ಕೂತಾಗ. ಮುಂಗಡ ತೆರಿಗೆ ಕಟ್ಟದ್ದಕ್ಕೆ ತಿಂಗಳಿಗೆ ಶೇ. 1ರಂತೆ ಬಡ್ಡಿಯೂ ಸೇರಿತು.

ಒಂದು ವಿಚಿತ್ರ ಗಮನಿಸಿ. ಫೆಮಾ ಪ್ರಕಾರ ನಾನು ಕೆಲಸಕ್ಕೆಂದು ಹೊರಟ ದಿನದಿಂದಲೇ ಅನಿವಾಸಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಎನ್‌ಆರ್‌ಇ ತೆರೆಯಬಹುದು. ಅದೇ ವರ್ಷ ಆದಾಯ ತೆರಿಗೆ ಕಾಯ್ದೆಗೆ ನಾನು ನಿವಾಸಿ. ಫೆಮಾ ಉದ್ದೇಶ ನೋಡುತ್ತದೆ, ತೆರಿಗೆ ಕಾಯ್ದೆ ದಿನ ಎಣಿಸುತ್ತದೆ. ಬ್ಯಾಂಕಿನವರು "ನೀವೀಗ ಎನ್‌ಆರ್‌ಐ" ಅಂದರೆ ಅದು ತೆರಿಗೆಯ ಮಾತಲ್ಲ.

ನಡುವೆ ಮಿರ್ದಿಫ್

ಮನೆ ಮಿರ್ದಿಫ್‌ನಲ್ಲಿ ಹಿಡಿದೆ. ಮುಷ್ರಿಫ್ ಪಾರ್ಕ್ ಹತ್ತಿರ, ಬಾಡಿಗೆ ಮರೀನಾ ಕಡೆಗಿಂತ ಕಡಿಮೆ, ಏರ್‌ಪೋರ್ಟ್ ಪಕ್ಕದಲ್ಲೇ. ವಿಮಾನಗಳು ತಲೆ ಮೇಲೇ ಹೋಗುತ್ತವೆ, ಅದಕ್ಕೆ ಕೆಲವರಿಗೆ ಈ ಏರಿಯಾ ಆಗುವುದಿಲ್ಲ. ಏಳು ತಿಂಗಳು ವಿಮಾನಕ್ಕಾಗಿ ಕಾದ ನನಗೆ ಆ ಸದ್ದು ಹಿತವಾಗಿತ್ತು.

ಬಾಡಿಗೆ ವರ್ಷಕ್ಕೆ 62,000 ದಿರ್ಹಮ್, ನಾಲ್ಕು ಚೆಕ್. ಮೊದಲ ಚೆಕ್ 15,500, ಡೆಪಾಸಿಟ್ ಶೇ. 5, ಏಜೆಂಟ್ ಕಮಿಷನ್ ಶೇ. 5, ಕರೆಂಟು-ನೀರಿಗೆ ದೇವಾ ಡೆಪಾಸಿಟ್ 2,000, ಎಜಾರಿ ನೋಂದಣಿ. ಬಾಗಿಲ ಬೀಗದ ಕೈ ಸಿಗುವಷ್ಟರಲ್ಲಿ ಸುಮಾರು 24,000 ದಿರ್ಹಮ್, ಆಗಿನ ದರದಲ್ಲಿ 4.8 ಲಕ್ಷ ರೂಪಾಯಿ. ಏಪ್ರಿಲ್‌ನಲ್ಲಿ ಮಾರಿದ ಯೂನಿಟ್‌ಗಳು ಆಗ ನೆನಪಾದವು. 2021ರ ಜನವರಿಯಲ್ಲಿ ನನ್ನ ಸ್ಪಾನ್ಸರ್‌ಶಿಪ್ ಮೇಲೆ ಯಜಮಾನರು, ಮಗಳು ಬಂದರು.

ಮೂರನೆಯದು: ಸಹಿ

ತೆರಿಗೆಯ ವಿಷಯ ತಿಳಿಯುವ ಮೂರು ತಿಂಗಳು ಮುಂಚೆಯೇ ಎರಡನೇ ಅಲೆ ಬಂದಿತ್ತು. 2021ರ ಏಪ್ರಿಲ್ 24ರ ರಾತ್ರಿ ಯುಎಇ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತು. ಮೊದಲು ಹತ್ತು ದಿನ ಅಂದರು, ಅದು ಆಗಸ್ಟ್ ತನಕ ಎಳೆಯಿತು. ಇಲ್ಲಿಂದ ಹೋಗುವ ವಿಮಾನಗಳು ಮಾತ್ರ ಹಾರುತ್ತಿದ್ದವು. ಅಂದರೆ ಹೋಗಬಹುದು, ವಾಪಸ್ ಬರಲಾಗದು. ಆಮೇಲೆ ಕೆಲವರು ಅರ್ಮೇನಿಯಾ, ಉಜ್ಬೇಕಿಸ್ತಾನಗಳಲ್ಲಿ ಹದಿನಾಲ್ಕು ದಿನ ಕಳೆದು ಸುತ್ತಿಕೊಂಡು ಬಂದರು.

ಏಪ್ರಿಲ್ 28ಕ್ಕೆ ಶಿವಮೊಗ್ಗದಲ್ಲಿ ಅಪ್ಪನಿಗೆ ಪಾಸಿಟಿವ್ ಬಂತು. ಮೂರನೇ ದಿನ ಆಮ್ಲಜನಕ ಬೇಕಾಯಿತು. ಭದ್ರಾವತಿಯಿಂದ ತಂಗಿ ಬಂದು ಆಸ್ಪತ್ರೆಗೆ ಸೇರಿಸಿದಳು. ಮುಂಗಡ ಕಟ್ಟಿ ಅಂದರು.

ಅಪ್ಪನ ಹತ್ತಿರ ದುಡ್ಡಿತ್ತು. 9 ಲಕ್ಷ ಎಫ್‌ಡಿ, ನಿವೃತ್ತಿಯ ದುಡ್ಡು. ಎಲ್ಲ ಅವರೊಬ್ಬರ ಹೆಸರಿನಲ್ಲಿ. ಅವಧಿಗೆ ಮುಂಚೆ ಮುರಿಯಲು ಅವರ ಸಹಿ ಬೇಕು. ಅವರು ಕೋವಿಡ್ ವಾರ್ಡ್‌ನಲ್ಲಿ. ಬ್ಯಾಂಕಿನವರದು ತಪ್ಪಲ್ಲ, ನಿಯಮ ಅದು. ನನ್ನ ಎನ್‌ಆರ್‌ಇ ಖಾತೆಯಿಂದ ಕಳಿಸೋಣ ಅಂದರೆ ಒಟಿಪಿ ಹೋಗುವುದು ಭಾರತದ ನಂಬರಿಗೆ, ಆ ಸಿಮ್ ಜೆ.ಪಿ. ನಗರದ ಡ್ರಾಯರ್‌ನಲ್ಲಿ. ಕೊನೆಗೆ ಮಿರ್ದಿಫ್ ಸಿಟಿ ಸೆಂಟರ್‌ನ ಎಕ್ಸ್‌ಚೇಂಜ್‌ನಲ್ಲಿ, ನೆಲದ ಮೇಲೆ ಅಂಟಿಸಿದ ಗುರುತುಗಳ ಮೇಲೆ ಒಂದೊಂದೇ ಹೆಜ್ಜೆ ಸರಿಯುತ್ತಾ ಮುಕ್ಕಾಲು ಗಂಟೆ ನಿಂತು, ತಂಗಿಯ ಖಾತೆಗೆ ಹಾಕಿದೆ. ನನ್ನ ಮುಂದಿದ್ದವರೂ ಆಸ್ಪತ್ರೆಗೇ ಕಳಿಸುತ್ತಿದ್ದರು ಎಂದು ಅವರ ಫೋನ್ ಮಾತಿನಿಂದ ಗೊತ್ತಾಗುತ್ತಿತ್ತು.

ಮೇ 3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯ ಸುದ್ದಿ ಬಂತು. ಒಂದು ದಿನದಲ್ಲಿ 24 ಸಾವು. ಆ ರಾತ್ರಿ ಟಿಕೆಟ್ ಹುಡುಕಿದೆ. ಸೀಟು ಇತ್ತು. ಯಜಮಾನರು ತಡೆಯಲಿಲ್ಲ, ಒಂದೇ ಮಾತು ಕೇಳಿದರು: "ಪ್ರೊಬೇಷನ್ ಯಾವಾಗ ಮುಗಿಯುತ್ತೆ?" ಇನ್ನೂ ಮೂರು ವಾರ. ಕೆಲಸ ಹೋದರೆ ಮೂವರ ವೀಸಾವೂ ಹೋಗುತ್ತದೆ. ಬೆಳಗ್ಗೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಮಾಸ್ಕ್ ಸ್ವಲ್ಪ ಸರಿಸಿ ಹೇಳಿದರು: "ಪುಟ್ಟೀ, ನೀನು ಬರಬೇಡ. ಬಂದ್ರೂ ಒಳಗೆ ಬಿಡಲ್ಲ."

ನಾನು ಹೋಗಲಿಲ್ಲ. ಹದಿನಾರು ದಿನಕ್ಕೆ ಅವರು ಮನೆಗೆ ಬಂದರು. ಹಾಗಾಗದಿದ್ದರೆ ಈ ಲೇಖನ ಬರೆಯುತ್ತಿದ್ದೆನೋ ಇಲ್ಲವೋ. ನಿರ್ಧಾರ ಸರಿಯಾಗಿತ್ತು ಎಂದು ಫಲಿತಾಂಶ ನೋಡಿ ಹೇಳುವುದು ನಮ್ಮ ವೃತ್ತಿಯಲ್ಲಿ ತಪ್ಪು ಅಂತೀವಿ. ಇದಕ್ಕೂ ಅದೇ ಅನ್ವಯ.

ಈಗ ಹೊರಡುವವರಿಗೆ

1. ಸಾಗಾಟದ ದುಡ್ಡು, ಜೊತೆಗೆ ಆರು ತಿಂಗಳ ಮನೆ ಖರ್ಚು, ರಾಜೀನಾಮೆ ಕೊಡುವ ಮುಂಚೆಯೇ ಉಳಿತಾಯ ಖಾತೆ ಅಥವಾ ಲಿಕ್ವಿಡ್ ಫಂಡ್‌ನಲ್ಲಿರಲಿ. ಸ್ವಲ್ಪ ಭಾಗ ಇಲ್ಲಿ ಖಾತೆಯಾದ ತಕ್ಷಣ ದಿರ್ಹಮ್‌ನಲ್ಲಿರಲಿ.

2. ಸೇರುವ ದಿನ ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ 28 ನೆನಪಿಡಿ. ದಾಟಿದರೆ ತಪ್ಪೇನಿಲ್ಲ, ಆದರೆ ತೆರಿಗೆಯ ದುಡ್ಡು ಪಕ್ಕಕ್ಕಿಡಿ, ಮುಂಗಡ ತೆರಿಗೆ ಕಟ್ಟಿ. ಭಾರತದಲ್ಲಿ ಬಾಡಿಗೆ, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 15 ಲಕ್ಷ ಮೀರುವವರಿಗೆ, ಮುಂದೆ ಊರಿಗೆ ಭೇಟಿಗೆ ಬಂದಾಗ ಲೆಕ್ಕದ ಮಿತಿ 120 ದಿನಕ್ಕೆ ಇಳಿಯಬಹುದು. ನಿಮ್ಮ ಸಿಎ ಹತ್ತಿರ ಒಮ್ಮೆ ಕೂತು ಮಾತಾಡಿ.

3. ಅಪ್ಪ-ಅಮ್ಮನ ಖಾತೆಗಳನ್ನು "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂಬ ಷರತ್ತಿನ ಜಂಟಿ ಖಾತೆ ಮಾಡಿಸಿ. ಇಲ್ಲೊಂದು ಸೂಕ್ಷ್ಮ ಇದೆ: ಹೀಗೆ ಮಾಡಿದ ಎಫ್‌ಡಿಯನ್ನೂ ಅವಧಿಗೆ ಮುಂಚೆ ಮುರಿಯಲು ಇಬ್ಬರ ಸಹಿ ಕೇಳಬಹುದು. ಆಸ್ಪತ್ರೆಯ ದುಡ್ಡು ಎಫ್‌ಡಿಯಲ್ಲಲ್ಲ, ಜಂಟಿ ಉಳಿತಾಯ ಖಾತೆಯಲ್ಲಿರಲಿ.

4. ಮುಖ್ತ್ಯಾರನಾಮೆಯನ್ನು ಊರಿನಲ್ಲೇ ಮುಗಿಸಿ ಬನ್ನಿ. ಇಲ್ಲಿಂದ ಮಾಡಿದರೆ ದುಬೈ ಕಾನ್ಸುಲೇಟ್‌ನಲ್ಲಿ ದೃಢೀಕರಣ, ಭಾರತ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ. ಬಾಗಿಲು ಮುಚ್ಚಿದಾಗ ಇದು ಆಗುವ ಕೆಲಸವಲ್ಲ.

5. ಭಾರತದ ಸಿಮ್ ರೋಮಿಂಗ್ ಸಮೇತ ನಿಮ್ಮ ಜೊತೆಗೇ ಇರಲಿ.

2021ರ ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದೆ. ಅಪ್ಪ ಸೊರಗಿದ್ದರು. ಕಾಫಿ ಆದ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಫೈಲ್ ತಂದಿಟ್ಟರು. ಆಸ್ಪತ್ರೆಯ ಎಲ್ಲ ರಸೀದಿ, ದಿನಾಂಕದ ಪ್ರಕಾರ. ಕೆಳಗೆ ಹೊಸ ಪಾಸ್‌ಬುಕ್, ಅದರಲ್ಲಿ ಅಮ್ಮನ ಹೆಸರೂ ಇತ್ತು. ಮನೆಗೆ ಬಂದ ಎರಡನೇ ವಾರವೇ ಆಟೋ ಮಾಡಿಕೊಂಡು ಬ್ಯಾಂಕಿಗೆ ಹೋಗಿ ಮಾಡಿಸಿದ್ದರಂತೆ. "ನೀನು ಕಳಿಸಿದ್ದು ಎಷ್ಟಾಯ್ತು ಹೇಳು, ವಾಪಸ್ ಕೊಡ್ತೀನಿ" ಅಂದರು. ಬೇಡ ಅಂದೆ. "ಲೆಕ್ಕ ಲೆಕ್ಕವೇ" ಅಂತ ಚೆಕ್ ಬರೆದೇ ಕೊಟ್ಟರು.

ಆ ಚೆಕ್ ನಾನು ಬ್ಯಾಂಕಿಗೆ ಹಾಕಲಿಲ್ಲ. ಮೂರು ತಿಂಗಳಿಗೆ ಅದರ ಅವಧಿ ಮುಗಿಯಿತು ಎಂದು ಅಪ್ಪನಿಗೂ ಗೊತ್ತು.